ಸಕ್ಕರೆ ಗೊಂಬೆಯ ಕೊರಳು

“ಗೌರಿ ಮುಂದ ಬೆಳಗಿದ ಗೊಂಬಿ ಯವ್ವಾ. ಹೊಟ್ಟಿಕಿಚ್ಚಿಲೆ ಅದರ ಕುತ್ತಿಗಿ ಮುರಿಬಾರ್ದು. ಯಾವ ಹುಡುಗಿ ಬೆಳಗಿರ್ತಾಳೋ, ಆಕಿಗೇ ತಟ್ಟತೈತಿ.”

ಮನೆಯೊಡತಿ ಹೊಳಿಯಮ್ಮನ ಮಾತಿಗೆ ಸುನಿತಾ ನಕ್ಕಳು. “ಸಕ್ಕರಿರಿ ಅದು. ತಟ್ಟಿದ್ರ ಇರುವಿಗೆ ತಟ್ಟಬೇಕಷ್ಟ!”

ಗಂಡನ ಕಾರ್ಖಾನೆ ಕೆಲಸದ ಬೆನ್ನಿಗೆ ಹುಬ್ಬಳ್ಳಿಯಿಂದ ಗಿಣಿಗೇರಾಕ್ಕೆ ಬಂದವಳಿಗೆ ಒಂದೇ ಹಂಬಲ. ನಾಳೆ ಕೊಪ್ಪಳದ ಹಾಡಿನ ಸ್ಪರ್ಧೆಯಲ್ಲಿ ಮಗಳು ನೇತ್ರಾವತಿ ಗೆಲ್ಲಬೇಕು. ಅಡ್ಡ ನಿಂತವಳು ಅದೇ ತರಗತಿಯ ಸುರೇಖಾ.

ಅಂದು ಗೌರಿ ಹುಣ್ಣಿಮೆ. ಕಾರ್ಖಾನೆಯ ಕಬ್ಬಿಣದ ಧೂಳಿನಲ್ಲಿ ಚಂದ್ರ ತುಕ್ಕು ಹಿಡಿದಂತಿದ್ದ. ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹುಡುಗಿಯರು ಗುಡಿಗೆ ಹೋಗಿ ಬಂದರು. ಬತ್ತಿ ಸುಟ್ಟ ವಾಸನೆ ಓಣಿಯ ತುಂಬ ನಿಂತಿತ್ತು. ಆರತಿಯ ಗೊಂಬೆಯನ್ನು ಮನೆಮನೆಗೆ ಹಂಚುವ ರೂಢಿ. ಸುರೇಖಾಳ ತಾಯಿ ವಿರೂಪಾಕ್ಷಮ್ಮ ತಾನೇ ತಂದು ಕೊಟ್ಟಳು.

“ನಮ್ಮ ಸುರೇಖಾನ ಗೊಂಬಿರಿ. ನಿಮ್ಮ ಹುಡುಗಿಗೆ ತಿನಸ್ರಿ, ಗಂಟಲಾ ಒಂಚೂರು ಹಸನಾದೀತು. ನಾಳೆ ಕಪ್ಪಿ ವಟಗುಟ್ಟಿದಂಗ ಆಗಬಾರ್ದಲ್ಲ!”

ಅವಳ ನಗು ಓಣಿ ದಾಟುವವರೆಗೂ ಕೇಳುತ್ತಿತ್ತು.

ಸುನಿತಾ ಅಡುಗೆಮನೆಯಲ್ಲಿ ನಿಂತಳು. ಅಂಗೈಯಲ್ಲಿ ಗುಲಾಬಿ ಬಣ್ಣದ ಗೊಂಬೆ. ಕೊರಳಿಗೆ ದೀಪದ ಮಸಿ. ಹಜಾರದಲ್ಲಿ ನೇತ್ರಾವತಿ ನಾಳಿನ ಹಾಡು ಹಾಡುತ್ತಿದ್ದಳು. ಕರೆಂಟು ಹೋಯಿತು.

ಹೆಬ್ಬೆರಳು ತಾನಾಗಿ ಕೊರಳಿಗೆ ಒತ್ತಿತು. “ಸುರೇಖಾ,” ಎಂದಳು.

ಚಟ್.

ಹಾಡು ನಿಂತಿತು.

“ನೇತ್ರಾ?”

ಕತ್ತಲು. ಸೀದ ಸಕ್ಕರೆಯ ನಾತ. ಓಡಿದಳು. ಹೊಸ್ತಿಲು ಎಡವಿದಳು. ಮೊಬೈಲ್ ಬೆಳಕಿನಲ್ಲಿ ಮಗಳ ಬಾಯಿ ತೆರೆದಿತ್ತು. ಕೊರಳ ನರಗಳು ಉಬ್ಬಿದ್ದವು. ಸದ್ದಿಲ್ಲ.

ಬಾಗಿಲಲ್ಲಿ ಯಾರೋ ಏದುಸಿರು ಬಿಟ್ಟರು. ಸುರೇಖಾ.

“ಆಂಟಿ, ಆ ಗೊಂಬಿ ನೇತ್ರಾಗ ಕೊಡ್ರಿ. ನಾ ದಾರ್ಯಾಗ ಮುಟ್ಟಾದ್ನಿ, ಗುಡಿಯೊಳಗ ಹೆಂಗ ಹೋಗ್ಲಿ? ನನ್ನ ಆರತಿ ನೇತ್ರಾನೇ ಬೆಳಗಿ, ತಂದು ನಮ್ಮ ಮನಿ ಕಟ್ಟಿ ಮ್ಯಾಲ ಇಟ್ಲು. ಅವ್ವಗ ಹೇಳಬ್ಯಾಡ್ರಿ ಮತ್ತ, ಬಡೀತಾಳ.”

ಸುನಿತಾಳ ಮುಷ್ಟಿಯಲ್ಲಿ ಗೊಂಬೆಯ ತಲೆ ಬೆವರಿಗೆ ಕರಗತೊಡಗಿತ್ತು.

ಮಗಳ ಗಂಟಲಲ್ಲಿ ದೋಷವೇನೂ ಇಲ್ಲ ಎಂದರು ಡಾಕ್ಟರು; ಧ್ವನಿ ಮಾತ್ರ ಮರಳಲಿಲ್ಲ. ಆದರೂ ಮರುದಿನ ಗೆಳತಿಯ ಹಾಡು ಕೇಳಲೇಬೇಕೆಂದು ನೇತ್ರಾವತಿ ಹಟ ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತಳು. ಸುರೇಖಾ ಮೈಕಿನ ಮುಂದೆ ಬಾಯಿ ತೆರೆದಳು.

ಸುನಿತಾ ದಡಕ್ಕನೆ ಎದ್ದು ನಿಂತಳು. ಅದು ನೇತ್ರಾವತಿಯ ಧ್ವನಿ. ಹೊತ್ತು ಮೂಡುವ ಮುಂಚೆ ಎಬ್ಬಿಸಿ, ಬೈದು, ತಾನೇ ತಿದ್ದಿದ ಧ್ವನಿ. ಸುರೇಖಾ ಬೆಚ್ಚಿ ಕೊರಳು ಹಿಡಿದುಕೊಂಡಳು. ಹಾಡು ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ನೇತ್ರಾವತಿಯ ತುಟಿಗಳು ಅಲುಗುತ್ತಿದ್ದವು.

ಚಪ್ಪಾಳೆ ಮೊಳಗಿತು. “ಕೇಳಿದ್ರೇನ್ರಿ ನನ್ನ ಮಗಳ ಧ್ವನಿ?” ವಿರೂಪಾಕ್ಷಮ್ಮ ಹಿಗ್ಗಿನಿಂದ ಸುನಿತಾಳ ತೋಳು ಹಿಡಿದಳು.

ನೇತ್ರಾವತಿ ಇನ್ನೊಂದು ಬದಿಯಿಂದ ತಾಯಿಯ ಸೆರಗು ಜಗ್ಗಿದಳು. ಸದ್ದಿಲ್ಲದೆ ಏನೋ ಹೇಳಿದಳು.

ವೇದಿಕೆಯ ಮೇಲೆ, ಕಣ್ಣೀರು ಸುರಿಸುತ್ತ, ಸುರೇಖಾಳ ಬಾಯಿ ಮೈಕಿನಲ್ಲಿ ಮಾತಾಡಿತು:

“ಮಮ್ಮಿ, ಅಂಜಿಕಿ ಬರಾಕತ್ತೈತಿ. ಮನಿಗೆ ಹೋಗೂಣ ನಡಿ.”