ರಿಪೇರಿ ಮಾಡಿ ಹೋದ ಕಳ್ಳ

ಮನೆಗೆ ಕಳ್ಳ ನುಗ್ಗಿ ಏನಾದರೂ ಹೊತ್ತುಕೊಂಡು ಹೋದರೆ ದೂರು ಕೊಡುವವರಿಗೂ ಒಂದು ಮರ್ಯಾದೆ ಇರುತ್ತದೆ. ನುಗ್ಗಿದವನು ಕೆಟ್ಟು ಕೂತಿದ್ದನ್ನು ರಿಪೇರಿ ಮಾಡಿ, ಮತ್ತೆ ಬೀಗ ಹಾಕಿಕೊಂಡು ಹೋದ ಅಂದರೆ? ಪೊಲೀಸ್ ಠಾಣೆಯಲ್ಲಿ, ಅಂಗಿಗಳಿಗೆ ಗುಂಡಿತೂತು ಹೊಲಿಯುವ ಕಾಜಾ ಅಕ್ಕನ ಮಾತು ಕೇಳಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಆ ಕಳ್ಳ ಸಿಕ್ಕರೆ ನಮ್ಮನೆಗೂ ಕಳಿಸಮ್ಮ, ಫ್ಯಾನು ತಿರುಗ್ತಿಲ್ಲ" ಅಂದನಂತೆ ಒಬ್ಬ. ಅಲ್ಲಿಂದ ಆಕೆ ನೇರವಾಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬಂದರು.

ಬಂದಿದ್ದು ಹಲ್ಲು ತೋರಿಸುವುದಕ್ಕಲ್ಲ. ಡಾಕ್ಟರ ಭಾವ, ಅಂದರೆ ತೀರಿಹೋದ ಅವರ ಅಕ್ಕನ ಗಂಡ, ವಿಮಾ ಕಂಪನಿಯಲ್ಲಿ ಸುಟ್ಟ ಅಂಗಡಿಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಹಚ್ಚಿದರೋ ಎಂದು ಹೇಳುವ ಕೆಲಸ ಮಾಡಿ ನಿವೃತ್ತರಾದವರು. ಈಗ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿದ್ದರು. ರೋಗಿಗಳಿಲ್ಲದ ಹೊತ್ತಿನಲ್ಲಿ ಕೆಳಗಿಳಿದು ಬಂದು ಹಲ್ಲು ಕೀಳುವ ಕುರ್ಚಿಯಲ್ಲೇ ಕಾಲು ಚಾಚಿ ಮಲಗುತ್ತಿದ್ದರು. ಡಾಕ್ಟರಿಗೆ ಇದು ಕಣ್ಣಿಗೆ ಕಸ ಬಿದ್ದ ಹಾಗೆ. ಆದರೂ ಊರಿನವರು ತಮ್ಮ ಗೋಳು ಹೇಳಿಕೊಳ್ಳಲು ಹುಡುಕಿಕೊಂಡು ಬರುತ್ತಿದ್ದದ್ದು ಭಾವನನ್ನೇ ಹೊರತು ಡಾಕ್ಟರನ್ನಲ್ಲ.

"ಏನು ರಿಪೇರಿ ಆಯ್ತು ತಾಯಿ?" ಎಂದರು ಭಾವ, ಕುರ್ಚಿಯಿಂದ ಏಳದೆ.

"ನನ್ನ ಹಾರ್ಮೋನಿಯಂ ಸಾರ್. ಅದರಲ್ಲೊಂದು ಬಿಳಿ ಕೀ ಸತ್ತಿತ್ತು. ಅಪ್ಪ ಇದ್ದಾಗಲೇ ಸತ್ತಿದ್ದು. ಒತ್ತಿದ್ರೆ ಬರೀ ಉಸಿರು. ಮೊನ್ನೆ ಕೆಲಸದಿಂದ ಬಂದು ಧೂಳು ಒರೆಸೋವಾಗ ಒಂದು ಕೈ ಗಾಳಿ ತಿದಿಗೆ, ಇನ್ನೊಂದು ಆ ಕೀಗೆ ತಾಗ್ತು, ಕೂಗಿಬಿಡ್ತು! ನನ್ನ ಎದೆ ಧಸಕ್ ಅಂತು."

"ಸಂತೋಷ ಪಡೋದಲ್ವೇನಕ್ಕ?" ಎಂದರು ಡಾಕ್ಟರು.

ಆಕೆ ಡಾಕ್ಟರನ್ನು ಒಮ್ಮೆ ದುರುಗುಟ್ಟಿ ನೋಡಿ ಭಾವನ ಕಡೆ ತಿರುಗಿದರು. "ಬೀಗದ ಕೈ ಮೀಟರ್ ಡಬ್ಬದ ಹಿಂದೆ ಇರತ್ತೆ. ಅದು ಗೊತ್ತಿರೋದು ಮೂರೇ ಜನಕ್ಕೆ. ನನ್ನ ತಮ್ಮ, ಅವನ ಬ್ಯಾಂಡಿನ ಗಿಟಾರ್‌ನವನು, ಡ್ರಮ್ಮಿನವನು. ಮೂವರಿಗೂ ಈ ಕೈಯಾರೆ ಅನ್ನ ಹಾಕಿದೀನಿ ಸಾರ್. ಕೇಳಿದ್ರೆ ಮೂವರೂ 'ನಾನಲ್ಲಕ್ಕ' ಅಂತಾರೆ. ಯಾರೋ ಒಬ್ಬ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳ್ತಿದಾನೆ. ಯಾರು ಅಂತ ನನಗೆ ಗೊತ್ತಾಗ್ಬೇಕು."

ಅವರ ತಮ್ಮ ಯಾರೆಂದು ಗೊತ್ತಿಲ್ಲದವರಿರಲಿಲ್ಲ. 'ಹಳೇ ಟೈರು' ಅನ್ನುವ ರಾಕ್ ಬ್ಯಾಂಡಿನ ಹಾಡುಗಾರ. ಅಪ್ಪ ಅಮ್ಮ ಹೋದ ಮೇಲೆ ದರ್ಜಿ ಅಂಗಡಿಯಲ್ಲಿ ಹಗಲೆಲ್ಲ ಕಾಜಾ ಹೊಲಿದು, ಗುಂಡಿ ಹಾಕಿ ಅವನನ್ನು ಸಾಕಿದ್ದು ಈ ಅಕ್ಕ. ಬರುವ ಭಾನುವಾರ ಟೀವಿಯವರು 'ಬ್ಯಾಂಡ್ ಹುಟ್ಟಿದ ಕಥೆ' ಚಿತ್ರೀಕರಿಸಲು ಅಕ್ಕನ ಮನೆಗೆ ಬರುವವರಿದ್ದರು. ಹಾಡುಗಾರನ ಮೊದಲ ಪಾಠಶಾಲೆ ಅಂತ ಆ ಹಾರ್ಮೋನಿಯಂ ತೋರಿಸಿ, ಅಕ್ಕನ ಕೈಯಲ್ಲೂ ಅದರ ನಾಲ್ಕು ಕೀ ಒತ್ತಿಸಿ, ತಮ್ಮನಿಂದ ಹಾಡಿಸುವ ಯೋಚನೆ ಅವರದು.

ಭಾವ ಕುರ್ಚಿಯಿಂದ ಎದ್ದೇಬಿಟ್ಟರು. ಡಾಕ್ಟರು ಕ್ಲಿನಿಕ್ಕಿಗೆ ಬೀಗ ಜಡಿದು ಗೊಣಗುತ್ತ ಹಿಂದೆ ನಡೆದರು.

ಅಕ್ಕನ ಮನೆ ಒಂದೇ ಕೋಣೆ, ಪಕ್ಕದಲ್ಲಿ ಅಡಿಗೆಗೊಂದು ಇಕ್ಕಟ್ಟು ಜಾಗ. ಹಾರ್ಮೋನಿಯಂ ಮೇಲೆ ಹಳೆಯ ಪರದೆ ಬಟ್ಟೆ, ಅದರ ಮೇಲೆ ಗುಂಡಿ ಡಬ್ಬಗಳು. ಭಾವ ಮುಚ್ಚಳ ತೆಗೆದು ಇಣುಕಿದರು. ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಗಳು, ಅಂದರೆ ರೀಡುಗಳೆಲ್ಲ ಕಪ್ಪಾಗಿದ್ದವು, ಒಂದು ಮಾತ್ರ ಫಳಫಳ ಹೊಳೆಯುತ್ತಿತ್ತು. ತಿದಿ ಒತ್ತಿದರೆ ದಮ್ಮು ಹಿಡಿದ ಮುದುಕನ ಹಾಗೆ ಗಾಳಿ ಸೋರಿತು. ಇನ್ನೆರಡು ಕೀಗಳು ಗೊರಗೊರ ಅಂದವು.

"ಇದೆಂಥ ರಿಪೇರಿ! ಮದುವೆ ಫೋಟೋ ಇದೆ ಅಂತ ಮುಂದಿನ ಒಂದು ಹಲ್ಲಿಗೆ ಮಾತ್ರ ಕ್ಯಾಪ್ ಹಾಕಿಸ್ಕೊಳ್ಳೋರು ನನ್ನ ಹತ್ರ ಬರ್ತಾರೆ. ಹಿಂದೆ ದವಡೆಯೆಲ್ಲ ಹುಳುಕು" ಎಂದರು ಡಾಕ್ಟರು.

ಭಾವ ತಟ್ಟನೆ ತಿರುಗಿ, "ಅಪರೂಪಕ್ಕೆ ಬಾಯಿಂದ ಮುತ್ತು ಉದುರಿಸಿದೆ ಕಣಯ್ಯ" ಎಂದರು. ಹೊಗಳಿದರೋ ಹಂಗಿಸಿದರೋ ಡಾಕ್ಟರಿಗೆ ಗೊತ್ತಾಗಲಿಲ್ಲ.

ಆಮೇಲೆ ಭಾವ ಅಕ್ಕನನ್ನು ಕೂರಿಸಿ, ಮೊದಲು ಬೆರಳಿಗೆ ಬಂದದ್ದನ್ನು ನುಡಿಸಿ ಅಂದರು. ಆಕೆ ಬಹಳ ಹೊತ್ತು ಸಂಕೋಚಪಟ್ಟು, ಕಡೆಗೆ ಕಣ್ಣು ಮುಚ್ಚಿ ಶುರುಮಾಡಿದರು. ಎಷ್ಟೋ ವರ್ಷ ಮುಟ್ಟದ ಬೆರಳುಗಳಾದರೂ ಎಲ್ಲಿಯೂ ತಡವರಿಸಲಿಲ್ಲ. ಆ ಬಿಳಿ ಕೀ ಹತ್ತಿರ ಬಂದಾಗ ಮಾತ್ರ, ಅದಕ್ಕೀಗ ಜೀವ ಬಂದಿದ್ದರೂ, ಬೆರಳು ಅದನ್ನು ದಾಟಿ ಆಚೆ ಹಾರಿತು.

"ಅರೆ, 'ಹಳೇ ಟೈರಿ'ನವರ ದೊಡ್ಡ ಹಾಡು! ಆದ್ರೆ ಏನೋ ಒಂಥರಾ ತಗ್ಗಿನಲ್ಲಿ ಕೇಳಿಸ್ತು" ಎಂದರು ಡಾಕ್ಟರು.

ಅಕ್ಕ ಪಟ್ಟನೆ ಕೈ ತೆಗೆದು ಬಟ್ಟೆ ಮುಚ್ಚಿದರು. "ಹೌದು, ತಮ್ಮಂದು. ಟೀವಿಯವ್ರು ಬರ್ತಾರಲ್ಲ, ಅದಕ್ಕೇ ಬಾಯಲ್ಲಿತ್ತು."

ಗಿಟಾರ್‌ನವನಿಗೆ ಈಗ ವಾದ್ಯ ರಿಪೇರಿಯ ಅಂಗಡಿ. ಡಾಕ್ಟರು ಅಲ್ಲಿಗೆ ಕಾಲಿಟ್ಟಾಗಲೇ ಮನಸ್ಸಿನಲ್ಲಿ ತೀರ್ಪು ಬರೆದಾಗಿತ್ತು: ಕೈಯಲ್ಲಿ ಸ್ಕ್ರೂ ಡ್ರೈವರ್, ಮೇಜಿನ ತುಂಬ ರೀಡು, ಇನ್ನೇನು ಬೇಕು?

ಆದರೆ ಭಾವ ಕೇಳಿದ್ದು ಬ್ಯಾಂಡಿನ ಕಥೆ. ಅವನು ಉತ್ಸಾಹದಿಂದ ಹೇಳಿದ. ಅವನು ಬೆಳೆದದ್ದು ಶಾಲೆಯ ಗುಂಪುಗಾನದಲ್ಲಿ. ಗಂಟಲು ಒಡೆದ ಮೇಲೆ ಮೇಷ್ಟ್ರು ಕಿವಿ ಹಿಡಿದು ಆಚೆ ಕಳಿಸಿದ್ದಕ್ಕೆ ಗಿಟಾರ್ ಹಿಡಿದನಂತೆ. ಡ್ರಮ್ಮಿನವನ ಅಪ್ಪ ಮೆರವಣಿಗೆಗಳಲ್ಲಿ ದೊಡ್ಡ ನಗಾರಿ ಬಾರಿಸುತ್ತಿದ್ದವನು. ಮಗ ಅಪ್ಪನ ಬೆನ್ನ ಮೇಲೆ ತಾಳ ಕಲಿತವನು. ಮೂವರೂ ಸೇರಿದ್ದು ಗಿಟಾರ್‌ನವನ ಸೋದರಮಾವನ ಸವೆದ ಟೈರಿಗೆ ಹೊಸ ರಬ್ಬರ್ ಹಾಕುವ ರಿಟ್ರೆಡಿಂಗ್ ಶೆಡ್ಡಿನಲ್ಲಿ. ರಬ್ಬರ್ ಸುಟ್ಟ ವಾಸನೆಗೆ ಅಲ್ಲಿಗೆ ಬೇರೆ ಯಾರೂ ಬರುತ್ತಿರಲಿಲ್ಲ.

"ಸೇರಿದ ಹೊಸದರಲ್ಲೇ ಒಂದು ದಿನ ನಮ್ಮ ಹಾಡುಗಾರ ಆ ಹಾಡು ಪೂರ್ತಿ ತಲೇಲಿ ಇಟ್ಕೊಂಡು ಬಂದ. ಗಿಟಾರಿಗೆ ಸರಿಯಾಗಿ ಹೊಂದೋ ಶ್ರುತಿಯಲ್ಲೇ ಹಾಡಿದ. ಅದರಲ್ಲೊಂದು ಸ್ವರ ಬರೋದೇ ಇಲ್ಲ, ಗೊತ್ತಲ್ಲ? ಜನ ಹುಚ್ಚಾಗಿದ್ದೇ ಅದಕ್ಕೆ."

"ಯಾವ ಸ್ವರ, ತೋರ್ಸಿ ನೋಡೋಣ" ಎಂದರು ಭಾವ.

ಅವನು ಅಂಗಡಿಯ ಕೀಬೋರ್ಡಿನ ಮೇಲೆ ಹಾಡು ನುಡಿಸಿ, ಒಂದು ಕಪ್ಪು ಕೀ ಮೇಲೆ ಬೆರಳು ಇಟ್ಟ. "ಇದು. ಇದನ್ನ ಹಾಡಿನಲ್ಲಿ ಎಲ್ಲೂ ಮುಟ್ಟಲ್ಲ. ಎದೆಯಲ್ಲೊಂದು ಜಾಗ ಖಾಲಿ ಇತ್ತು, ಅದಕ್ಕೇ ಬಿಟ್ಟೆ ಅಂತಾನೆ ನಮ್ಮವನು. ನಾವಿಲ್ಲದಾಗ ಶೆಡ್ಡಲ್ಲಿ ನನ್ನದೇ ಗಿಟಾರ್ ತಗೊಂಡು ಕಟ್ಟಿದ್ದಂತೆ."

"ಅಕ್ಕ ನುಡಿಸೋದು ಕೇಳಿದೀರಾ?"

"ಅಕ್ಕನಾ? ಅವರಿಗೆ ಸಂಗೀತದ ಗಂಧಗಾಳಿ ಇಲ್ಲ ಅಂತ ತಮ್ಮನೇ ಹೇಳ್ತಾನಲ್ಲ."

ಡ್ರಮ್ಮಿನವನು ಶಾಲೆಯ ವ್ಯಾನ್ ತೊಳೆಯುತ್ತಿದ್ದ. ಪ್ರಶ್ನೆ ಕೇಳಿದ್ದೇ ತಡ, ಬಕೆಟ್ಟು ಕುಕ್ಕಿದ. "ನಾನಾಗಿದ್ರೆ ಮೊದಲು ತಿದಿ ಹಾಕಿಸ್ತಿದ್ದೆ ಸಾರ್! ಗಾಳಿ ನಿಲ್ಲಲ್ಲ ಅಂತ ನಮ್ಮ ಗಿಟಾರ್‌ನವನು ಆಗಿಂದ ಗೊಣಗ್ತಿದ್ದ. ಟೀವಿಯವ್ರ ಮುಂದೆ ಅದನ್ನ ಒತ್ತಿ ಒತ್ತಿ, ಪಾಪ, ಅಕ್ಕನ ಕೈ ಬಿದ್ದುಹೋಗತ್ತೆ. ಕದ್ದು ಯಾಕೆ ಹಾಕಿಸ್ಲಿ? ಎದುರಿಗೇ ಹಾಕಿಸಿ, ಒಂದು ಲೋಟ ಟೀ ಕುಡಿದು ಬರ್ತಿದ್ದೆ." ಹಾಗೆನ್ನುವಾಗ ಅವನ ಕಿವಿ ಕೆಂಪಗಾಯಿತು. ಡಾಕ್ಟರಿಗೆ ಅದು ತಪ್ಪಿತಸ್ಥನ ಕಿವಿ ಅನ್ನಿಸಿತು. ಭಾವ ದಾರಿಯಲ್ಲಿ, "ಅದು ಬೇರೆ ರೋಗ ಕಣಯ್ಯ, ಅದಕ್ಕೆ ನಿನ್ನ ಹತ್ರ ಔಷಧಿ ಇಲ್ಲ" ಅಂದರು.

ಶನಿವಾರ ಸಂಜೆ ಎಲ್ಲರೂ ಅಕ್ಕನ ಕೋಣೆಯಲ್ಲಿ ಸೇರಿದರು. ಹಾಡುಗಾರ ಕಡೆಗೆ ಬಂದ. ಕಪ್ಪು ಕನ್ನಡಕ ತಲೆಯ ಮೇಲೇರಿಸಿ, "ಅಕ್ಕಾ, ಇಷ್ಟಕ್ಕೆಲ್ಲ ಪಂಚಾಯ್ತಿ ಬೇಕಿತ್ತಾ? ಯಾರೋ ಪುಣ್ಯಾತ್ಮರು ಒಳ್ಳೇದೇ ಮಾಡಿದಾರೆ" ಅಂದ.

"ಅದೇ ನನಗೂ ತೊಡಕಾಗಿದ್ದು" ಎಂದರು ಭಾವ. "ಒಳ್ಳೇದು ಮಾಡೋನು ಕದ್ದು ಯಾಕೆ ಮಾಡ್ತಾನೆ? ಇರಲಿ. ನಾಳೆ ಟೀವಿಯವರು ಬರ್ತಾರೆ. ವಾದ್ಯ ಸರಿಯಿದ್ಯಾ ಅಂತ ನೀವೇ ಒಂದು ಸಲ ಆ ಹಾಡು ನುಡಿಸಿ ನೋಡಿಬಿಡಿ."

ಹಾಡುಗಾರ ಹೆಮ್ಮೆಯಿಂದ ಕೂತು, ಕಿಟಕಿಯ ಕಡೆ ಮುಖ ಮಾಡಿ ನುಡಿಸಲು ಶುರುಮಾಡಿದ. ನಾಲ್ಕು ಸಾಲು ಆಗಿರಬೇಕು, ಗಿಟಾರ್‌ನವನು ಹುಬ್ಬು ಗಂಟಿಕ್ಕಿದ. "ಲೋ, ಇದು ನಮ್ಮ ಶ್ರುತಿ ಅಲ್ವಲ್ಲೋ! ಎರಡು ಮೆಟ್ಟಿಲು ಕೆಳಗೆ ಹಿಡಿದಿದ್ದೀಯ."

ಹಾಡುಗಾರನ ಕೈ ಅಲ್ಲೇ ನಿಂತಿತು.

"ಅಷ್ಟು ಸಾಕು ಬಿಡಿ" ಎಂದು ಭಾವ ಗೋಡೆಗೆ ಒರಗಿದರು. "ನೋಡಿ, ಇಲ್ಲಿ ತಿದಿ ಸೋರ್ತಿದೆ, ಎರಡು ಕೀ ಗೊರಗುಟ್ತಿವೆ. ಕಸುಬಿನವನು ಕೈ ಹಾಕಿದ್ರೆ ಅದನ್ನೆಲ್ಲ ಸರಿಮಾಡದೆ ಏಳಲ್ಲ. ಒಂದು ರೀಡು ಕೊಂಡು ತಂದು ಕೂರಿಸೋದಕ್ಕೆ ಕಸುಬು ಬೇಕಾಗಿಲ್ಲ. ಅಕ್ಕನ ಮೇಲೆ ಪ್ರೀತಿಯಿರೋನು ತಿದಿಯಿಂದಲೇ ಶುರುಮಾಡ್ತಿದ್ದ. ಇಲ್ಲಿ ಬಂದವನಿಗೆ ಹಾರ್ಮೋನಿಯಂ ಸರಿಹೋಗೋದು ಬೇಕಿರಲಿಲ್ಲ. ಈ ಒಂದು ಕೀ ಸತ್ತಿತ್ತು ಅನ್ನೋದು ಯಾರಿಗೂ ಕಾಣಬಾರದಿತ್ತು, ಅಷ್ಟೇ. ನಮ್ಮ ಡಾಕ್ಟ್ರು ಹೇಳಿದ ಹಾಗೆ, ಫೋಟೋಗೆ ಅಂತ ಒಂದೇ ಹಲ್ಲಿಗೆ ಕ್ಯಾಪ್ ಹಾಕಿದ್ದು."

"ಒಂದು ಕೀಯಿಂದ ಯಾರಿಗೇನು?" ಎಂದ ಡ್ರಮ್ಮಿನವನು.

"ಅಕ್ಕ ನನ್ನೆದುರು ಈ ಹಾಡು ನುಡಿಸಿದ್ರು. ಅವರ ಬೆರಳು ಹಾರಿದ್ದು ಇದೇ ಬಿಳಿ ಕೀ ಮೇಲೆ. ಅದೀಗ ಕೂಗತ್ತೆ, ಆದ್ರೂ ಹಾರಿತು. ಹಾಡು ಕಟ್ಟಿದವರ ವಾದ್ಯದಲ್ಲಿ ಆ ಸ್ವರ ಇರಲೇ ಇಲ್ಲ, ಅದಕ್ಕೇ ಹಾಡಿನಲ್ಲೂ ಇಲ್ಲ. ಎದೆ ಖಾಲಿ, ಮಣ್ಣು ಮಸಿ ಏನೂ ಅಲ್ಲ. ಗಿಟಾರಿಗೆ ಅಂತ ಮೇಲೆತ್ತಿದಾಗ ಆ ಖಾಲಿ ಜಾಗ ಕಪ್ಪು ಕೀ ಮೇಲೆ ಹೋಗಿ ಕೂತಿತು. ನೀವಿಬ್ಬರೂ ಹಾಡನ್ನ ಕೇಳಿರೋದು ಹಾಗೇ. ನಿಮ್ಮ ಪಾಲಿಗೆ ಈ ಬಿಳಿ ಕೀ ಸತ್ತರೇನು, ಬದುಕಿದರೇನು? ಇದು ಸುಳಿವು ಅಂತ ಗೊತ್ತಿರೋದು ಹಾಡು ಹುಟ್ಟಿದ ಶ್ರುತಿ ಗೊತ್ತಿದ್ದವನಿಗೆ ಮಾತ್ರ. ಶೆಡ್ಡಿನಲ್ಲಿ ಗಿಟಾರ್ ಮೇಲೆ ಕಟ್ಟಿದೆ ಅಂದವರ ಬೆರಳು ಈಗ ತಾನೇ ಎಲ್ಲಿಂದ ಶುರುವಾಯ್ತು, ಎಲ್ಲರೂ ನೋಡಿದ್ರಿ."

"ಹಾರ್ಮೋನಿಯಂನೇ ಎತ್ತಿಕೊಂಡು ಹೋಗಬಹುದಿತ್ತಲ್ಲ ಭಾವ?" ಎಂದು ಡಾಕ್ಟರು ಕೇಳಿದರು.

"ಟೀವಿಯವರು ಅದಕ್ಕಾಗೇ ಬರ್ತಿರೋದು. ಕಾಣೆಯಾದ್ರೆ ಅದೇ ದೊಡ್ಡ ಸುದ್ದಿ. ಅಕ್ಕನಿಗೆ ಹೇಳಿ ರಿಪೇರಿ ಮಾಡಿಸೋಣ ಅಂದ್ರೆ, ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಅಂತ ಅಕ್ಕ ಕೇಳಿದ್ರೆ ಏನು ಹೇಳೋದು?"

ಹಾಡುಗಾರ ತಲೆ ಮೇಲಿದ್ದ ಕನ್ನಡಕ ತೆಗೆದು ಮಡಚಿದ, ಬಿಚ್ಚಿದ. ಗಿಟಾರ್‌ನವನು ಅವನ ಕಡೆ ನೋಡಲೂ ಇಲ್ಲ. "ಥೂ, ನಿನ್ನ! ಗಂಧಗಾಳಿ ಇಲ್ಲ ಅಂದ್ಯಲ್ಲೋ" ಎಂದಷ್ಟೇ ಅಂದ.

"ಹಾಡಲ್ಲ ಅದು ಆವಾಗ" ಎಂದ ಹಾಡುಗಾರ. "ನಂಗೆ ನಿದ್ದೆ ಬರ್ಲಿ ಅಂತ ಅಕ್ಕ ಏನೋ ಗುನುಗ್ತಾ ನುಡಿಸ್ತಿದ್ಲು. ಅದಕ್ಕೆ ಮಾತು ಹಾಕಿದ್ದು ನಾನು, ಊರೂರಿಗೆ ಒಯ್ದಿದ್ದು ನಾನು. ಅಕ್ಕಾ, ನಿಂಗೆ ಏನು ಬೇಕು ಹೇಳು. ನಿನ್ನ ಹೆಸರು ಹಾಕ್ಬೇಕಾ? ಹಾಕಿಸ್ತೀನಿ."

ಅಕ್ಕ ಇಷ್ಟು ಹೊತ್ತೂ ಅಡಿಗೆ ಜಾಗದ ಬಾಗಿಲಿಗೆ ಒರಗಿ ನಿಂತಿದ್ದರು. ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ಡಾಕ್ಟರಿಗೆ ಆಗ ಹೊಳೆಯಿತು: ಹಾಡು ಯಾರದೆಂದು ಈ ಹೆಂಗಸಿಗೆ ಮೊದಲ ದಿನದಿಂದಲೂ ಗೊತ್ತು. ಯಾರ ಮುಂದೆಯೂ ಪಿಟ್ಟೆನ್ನದೆ ಅದನ್ನು ನುಂಗಿಕೊಂಡು ಕೂತಿದ್ದಾರೆ. ಡಾಕ್ಟರಿಗೆ ಹಾಡುಗಾರನ ಕೆನ್ನೆಗೆ ಬಿಗಿಯಬೇಕು ಅನ್ನಿಸುವಷ್ಟು ಸಿಟ್ಟು ಬಂತು.

"ಅವತ್ತು ರೇಡಿಯೋದಲ್ಲಿ ಬಂದಾಗ ಅಂಗಡಿಯಲ್ಲಿ ಕೂತು ಕೇಳ್ದೆ" ಎಂದರು ಅಕ್ಕ, ಭಾವನ ಕಡೆ ತಿರುಗಿ. "ಹೊಟ್ಟೆ ತುಂಬ್ತು ಸಾರ್. ಹುಡುಗನಿಗೆ ಉಪಯೋಗಕ್ಕೆ ಬಂತಲ್ಲ ಅಂತ. ಅದು ಕದ್ದಿದ್ದು ಅಂತ ನನಗೆ ಒಂದು ದಿನವೂ ಅನ್ಸಿಲ್ಲ. 'ಅಕ್ಕಾ, ಈ ಪೆಟ್ಟಿಗೆಯಿಂದ ನನಗೆ ತೊಂದ್ರೆ' ಅಂತ ಒಂದು ಮಾತು ಹೇಳಿದ್ರೆ ನಾನೇ ಇದನ್ನ ಒಡೆದು ಒಲೆಗೆ ಹಾಕಿ ನೀರು ಕಾಯಿಸ್ತಿದ್ದೆ. ಕೇಳಲಿಲ್ಲ. ಅಕ್ಕ ನಾಲ್ಕು ಜನದ ಮುಂದೆ ಮಾನ ಕಳೀತಾಳೆ ಅಂತ ಹೆದರಿ, ನಾನಿಲ್ಲದ ಹೊತ್ತು ನೋಡಿ ಬಂದು ಹೋಗಿದಾನೆ. ಸಾಕಿದವಳನ್ನ ಇಷ್ಟೇ ಅಂದ್ಕೊಂಡಿದ್ದು."

"ಅಕ್ಕಾ..."

ಅಕ್ಕ ಒಳಗೆ ಹೋದರು. ಲೋಟಗಳ ಸದ್ದಾಯಿತು. ಹೊರಗೆ ಬಂದು ಗಿಟಾರ್‌ನವನ ಕೈಗೊಂದು ಟೀ ಕೊಟ್ಟು, "ಸಕ್ಕರೆ ಸಾಕೇನೋ?" ಅಂದರು. ಡ್ರಮ್ಮಿನವನಿಗೆ ಕೊಟ್ಟು, "ಕುಡಿಯೋ, ಆರೋಗತ್ತೆ" ಅಂದರು. ಆಮೇಲೆ ತಮ್ಮನ ಎದುರು ನಿಂತರು.

"ನೀವು ಟೀ ತಗೋತೀರಾ?"

ಹಾಡುಗಾರ ಕೆನ್ನೆಗೆ ಏಟು ಬಿದ್ದವನ ಹಾಗೆ ತಲೆಯೆತ್ತಿದ. "ಅಕ್ಕಾ, ಹಾಗನ್ಬೇಡ. ಬಯ್ಯಿ. ಹೊಡಿ ಬೇಕಾದ್ರೆ. ನಂಗೆ 'ನೀವು' ಅನ್ಬೇಡ."

"ನಾಳೆ ಟೀವಿಯವ್ರು ಬರ್ತಾರೆ. ಹಾಡು ಪೂರ್ತಿ ನಿಮ್ಮದೇ ಅಂತ ಹೇಳ್ತೀನಿ" ಎಂದರು ಅಕ್ಕ ಮೆಲ್ಲಗೆ, ಲೋಟವನ್ನು ಅವನ ಮುಂದೆ ಹಿಡಿದು. "ಹೆದರ್ಕೋಬೇಡಿ."