ಕೆರೆದ ಹೆಸರಿನ ಪುಟ

"ಆ ಪುಟಕ್ಕೆ ಮಾತ್ರ ಕೈ ಹಚ್ಚಬೇಡಿ ಸ್ವಾಮಿ. ಅದರಲ್ಲಿ ಹೆಸರು ಬರೆದೋರು ಅದನ್ನ ತಮ್ಮ ಕೈಯಾರೆ ಕೆರೀತಾರೆ."

ಅನ್ಸೆಲ್ಮ್ ನಕ್ಕುಬಿಟ್ಟ. ಡ್ಯೂಕರ ವಂಶಾವಳಿ ಬರೆಯಲು ಅವನು ಫಾಲ್ಕೆನ್‌ರೋಡ್ ಅರಮನೆಗೆ ಬಂದು ವರ್ಷವೂ ಆಗಿರಲಿಲ್ಲ. "ಬೆಳಿಗ್ಗೆನೇ ಬಿಯರ್ ಏರಿಸಿದ್ದೀಯಾ ತಾತ?"

"ನಗಿ, ನಗಿ. ನಿಮಗಿಂತ ಮುಂಚೆ ಈ ಕೆಲಸದಲ್ಲಿದ್ದೋನೂ ನಕ್ಕಿದ್ದ. ಆಮೇಲೆ ಸಾಯೋತನಕ ಇಲ್ಲದ ತಂಗೀನ ಕೂಗ್ತಿದ್ದ," ಎಂದು ಗೊಣಗುತ್ತ ಕಾವಲಿನ ಮುದುಕ ಟ್ರೌಗಾಟ್ ಹೊರಟುಹೋದ.

ಕತೆ ಊರಿಗೇ ಗೊತ್ತಿತ್ತು. ಹಳೆಯ ಡ್ಯೂಕನೊಬ್ಬ ಗಿರಣಿಯವನ ಮಗಳು ವಾಲ್‌ಬುರ್ಗಾಳನ್ನು ಎಡಗೈ ಕೊಟ್ಟು ಮದುವೆಯಾಗಿದ್ದ. ಎಡಗೈ ಮದುವೆಯವಳಿಗೆ ಪದವಿಯಿಲ್ಲ, ಅವಳ ಮಕ್ಕಳಿಗೆ ರಾಜ್ಯವಿಲ್ಲ. ರಾಜಕುಮಾರಿಯೊಬ್ಬಳ ಸಂಬಂಧ ಕುದುರಿದ್ದೇ ತಡ, ವಾಲ್‌ಬುರ್ಗಾಳ ಕಣ್ಣೆದುರೇ ವಂಶಾವಳಿಯ ಆ ತೊಗಲಿನ ಪುಟದಿಂದ ಅವಳ ಹೆಸರು ಕೆರೆಸಿದ. ಅವಳು ಮಸಿಕುಡಿಕೆಗೆ ಉಗಿದು ಶಪಿಸಿದಳು. ಅಂದಿನಿಂದ ಎಡಗೈ ಸೊಸೆಯರ ಹೆಸರನ್ನು ಆ ಪುಟದಲ್ಲಿ ಬರೆಯುವ ಹಾಗಿರಲಿಲ್ಲ.

ಇವತ್ತು ಹನ್ನೊಂದು ಗಂಟೆಗೆ ಡ್ಯೂಕರ ಕಿರಿಮಗ ಎಡಗೈ ಕೊಡಲಿದ್ದದ್ದು ಅನ್ಸೆಲ್ಮನ ಮಗಳು ರೋಸಿನೆಗೆ. ತಾಯಿಯಿಲ್ಲದ ಒಬ್ಬಳೇ ಮಗಳು.

ಅವಳೇ ಬಾಗಿಲು ತಳ್ಳಿಕೊಂಡು ಬಂದಳು. "ಅಯ್ಯೋ ಅಪ್ಪಾ, ಕೋಟಿನ ಗುಂಡಿ ಮತ್ತೆ ಮೇಲೆ ಕೆಳಗೆ! ಮರ್ಯಾದೆ ತೆಗೀತೀಯ ನನ್ನ." ಒಂದೊಂದನ್ನೇ ಬಿಚ್ಚಿ ಸರಿಯಾಗಿ ಹಾಕಿದಳು. "ಬೇಗ ಬಾ."

ಅವಳು ಹೋದಮೇಲೆ ಅವನು ಆ ಪುಟ ಬಿಡಿಸಿದ. ಇಂಥ ಮಗಳ ಹೆಸರು ಇಲ್ಲಿ ಯಾಕೆ ಇರಬಾರದು? ಲೇಖನಿ ಅದ್ದಿದ. ವಾಲ್‌ಬುರ್ಗಾಳ ಹೆಸರು ಕೆರೆದ ಒರಟು ಕಲೆಯ ಮೇಲೆಯೇ ಬರೆದ: ರೋಸಿನೆ. ಪಕ್ಕದಲ್ಲಿ ಮದುವೆಯ ಗುರುತು, ಹೆಣೆದ ಎರಡು ಉಂಗುರ.

ಮುಗ್ಗಲು ಹಿಟ್ಟಿನ ವಾಸನೆ ಬಂತು. ಎಲ್ಲೋ ಗಿರಣಿಕಲ್ಲು ಗರಗರ ತಿರುಗಿತು. ಹಗಲಿನ ಬೆಳಕು ಕಿಟಕಿಯಲ್ಲೇ ನಿಂತುಹೋಯಿತು. ಉಂಗುರಗಳ ಕೆಳಗೆ ಮಸಿ ತಾನಾಗಿ ಒಸರಿತು. ಒಂದು ಶಿಲುಬೆ. ಸಾವಿನ ಗುರುತು. ಅದರ ಮುಂದೆ ಇವತ್ತಿನ ತಾರೀಖು.

ಇಗರ್ಜಿಯ ಗಂಟೆ ಶುರುವಾಯಿತು.

ಅವನು ಚಾಕು ಹಿಡಿದ. ಶಿಲುಬೆಯನ್ನು ಕೆರೆದ. ಹೋಗಲಿಲ್ಲ. ಮತ್ತೆ ಕೆರೆದ. ಇನ್ನೂ ಕಪ್ಪಾಯಿತು. ದೇವರೇ! ಹೆಸರಿಗೆ ಚಾಕು ಹಚ್ಚಿದ. ಹೆಸರು ಸಲೀಸಾಗಿ ಎದ್ದುಬಂತು. ಹೆಸರಿಲ್ಲದಿದ್ದರೆ ಸಾವು ಯಾರಿಗೆ ಬರುತ್ತದೆ? ಕೆರೆದ. ಕೆರೆದ. ಕೊನೆಯ ಅಕ್ಷರ ಹೋಯಿತು. ಶಿಲುಬೆಯೂ ಮಾಯ. ಬದುಕಿದಳು!

ಗಂಟೆ ಅರ್ಧಕ್ಕೇ ನಿಂತಿತು.

ಅವನು ಇಗರ್ಜಿಗೆ ಓಡಿದ. ಬೆಂಚುಗಳು ಖಾಲಿ. ಹೂವಿಲ್ಲ, ಮದುಮಗನಿಲ್ಲ. ಬಾಗಿಲಲ್ಲಿ ಟ್ರೌಗಾಟ್ ನಿಂತಿದ್ದ.

"ಎಲ್ಲಿ ಎಲ್ಲರೂ? ಮದುವೆ ಎಲ್ಲಿ?"

"ಯಾರ ಮದುವೆ ಸ್ವಾಮಿ?"

"ರೋಸಿನೆದು! ನನ್ನ ಮಗಳದು! ನಿನ್ನೆ ನಿನಗೆ ಸಾರು ತಂದುಕೊಟ್ಟಳಲ್ಲೋ!"

"ನಿಮಗೆ ಮಕ್ಕಳಿಲ್ಲವಲ್ಲ..." ಎನ್ನುತ್ತಿದ್ದ ಮುದುಕ ಅವನ ತೋಳಿನ ಮೇಲಿನ ತೊಗಲಿನ ಹೊಟ್ಟು ನೋಡಿದ. ನಿಧಾನಕ್ಕೆ ಟೋಪಿ ತೆಗೆದ. "ಬರೆದುಬಿಟ್ರಾ?"

ಅನ್ಸೆಲ್ಮ್ ಮೆಟ್ಟಿಲ ಮೇಲೆ ಕುಸಿದ. ಕೋಟಿನ ಗುಂಡಿಗಳು ಮತ್ತೆ ಮೇಲೆ ಕೆಳಗಾಗಿದ್ದವು. ಮುದುಕ ಪಕ್ಕದಲ್ಲಿ ಕೂತು, ಅಳುತ್ತ, "ಹೇಗಿದ್ದಳು ಹೇಳಿ. ನಾನು ಕೇಳ್ತೀನಿ," ಎಂದ.

ಅನ್ಸೆಲ್ಮ್ ಬಾಯಿ ತೆರೆದ. ಕೂದಲು ಯಾವ ಬಣ್ಣದ್ದು? ಕಣ್ಣು? ಸ್ವಲ್ಪ ಹೊತ್ತಿಗೆ ಮುಂಚೆ ಏನೋ ಅಂದಳಲ್ಲ, ಬೈದಳಲ್ಲ, ಏನದು?

"ರೋಸಿನೆ," ಎಂದ. ಹೇಳಲು ಬೇರೇನೂ ಉಳಿದಿರಲಿಲ್ಲ.