ಖಾಲಿ ಮಿಕ್ಸಿಯ ಸದ್ದು

ಮಹಡಿಯ ಕೋಣೆಯಲ್ಲಿ ಅತ್ತೆ ನಕ್ಕಿದ್ದು ಕೇಳಿಸಿತು. ಕೆಳಗೆ, ಮೆಟ್ಟಿಲ ಬುಡದಲ್ಲಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ದೊಡ್ಡ ಸೊಸೆಯ ಎದೆಯ ಮೇಲೆ ಯಾರೋ ಕೆಂಡ ಸುರಿದಂತಾಯಿತು. ಮೂರು ವರ್ಷ! ಲಕ್ವ ಹೊಡೆದು ಅತ್ತೆಯ ಮಾತು ನಿಂತುಹೋದಂದಿನಿಂದ ಮೈ ತೊಳೆಸಿದವಳು ಇವಳು, ತುತ್ತು ತಿನ್ನಿಸಿದವಳು ಇವಳು, ಸಣ್ಣಗೆ ಕೆಮ್ಮಿದರೂ ಎದ್ದು ಕೂತವಳು ಇವಳು. ಒಂದು ದಿನವಾದರೂ ಇವಳ ಮುಂದೆ ಹೀಗೆ ನಕ್ಕಿದ್ದುಂಟೇ? ನಿನ್ನೆ ಮೊನ್ನೆ ಕಾಲಿಟ್ಟ ಚಿಕ್ಕ ಸೊಸೆಯ ಎದುರು ಮಾತ್ರ ಈ ನಗು... "ನಗಲಿ, ಚೆನ್ನಾಗಿ ನಗಲಿ! ನಾನು ಯಾರು, ಈ ಮನೇಲಿ ದುಡಿಯೋ ಕತ್ತೆ ತಾನೇ?" ಎಂದು ಗೊಣಗುತ್ತಾ ಬುಟ್ಟಿಯನ್ನು ದೊಪ್ಪೆಂದು ಕೆಳಗಿಟ್ಟಳು. ಆ ಸದ್ದೂ ಮೇಲಿನವರಿಗೆ ಕೇಳಿಸಲಿಲ್ಲ.

ನಿಜ ಹೇಳಬೇಕೆಂದರೆ, ಅವಳು ಕತ್ತೆಯಾಗಿರಲಿಲ್ಲ, ರಾಣಿಯಾಗಿದ್ದಳು. ಗಂಡ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಮನೆಯ ಕಡೆ ತಲೆ ಹಾಕುವವನಲ್ಲ. ಮನೆ ನಡೆಯುತ್ತಿದ್ದುದು ಅತ್ತೆಯ ಮಾತಿನ ಮೇಲೆ, ಅತ್ತೆಯ ಮಾತು ಅರ್ಥವಾಗುತ್ತಿದ್ದುದು ಇವಳೊಬ್ಬಳಿಗೆ. ಎಡಗೈ ಬೆರಳು ಎರಡು ಸಲ ಕುಟ್ಟಿದರೆ ಕಿಟಕಿ ಮುಚ್ಚಬೇಕು, ಹುಬ್ಬು ಮೇಲೇರಿದರೆ ನೀರು ಬೇಕು, ಗಂಟಲಲ್ಲಿ ಗೊರಗೊರ ಎಂದರೆ ಬಂದವರು ಇನ್ನು ಹೊರಡಬಹುದು! ನೆಂಟರೆಲ್ಲ "ಅತ್ತೆಯ ನಾಲಿಗೆ ಇವಳೇ ಕಣ್ರೀ" ಎಂದು ಹೊಗಳುತ್ತಿದ್ದರು. ಆದರೆ ನಾಲಿಗೆಗೆ ಎಲುಬಿಲ್ಲ ನೋಡಿ. "ಅತ್ತೆ ಹಾಲ್‌ಗೆ ಹೊಸ ಪರದೆ ಹಾಕಿಸು ಅಂತಿದ್ದಾರೆ" ಎಂದು ಒಮ್ಮೆ ಹೇಳಿದಳು, ಪರದೆ ಬಂತು. "ಈ ಸಲ ನಾದಿನಿ ಬರೋದು ಬೇಡ, ನನಗೆ ಸುಸ್ತು ಅಂತಿದ್ದಾರೆ" ಎಂದಳು, ನಾದಿನಿ ಬರಲಿಲ್ಲ. ಅಂಥ ಹೊತ್ತಿನಲ್ಲಿ ಅತ್ತೆ ಇವಳ ಮುಖವನ್ನೇ ದಿಟ್ಟಿಸಿ ನೋಡಿ, ಆಮೇಲೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಪಾಪ, ಯಾರ ಹತ್ತಿರ ಹೇಳಿಯಾರು?

ಇಂಥ ಸಂಸಾರಕ್ಕೆ ಚಿಕ್ಕವಳು ಬಂದಳು. ಮದುವೆಗೆ ಮುಂಚೆ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೆಲಸದಲ್ಲಿದ್ದವಳು. ಲಕ್ವ ಹೊಡೆದವರಿಗೆ ಮತ್ತೆ ಮಾತು ಕಲಿಸುವ ಟೀಚರೊಬ್ಬರು ಅವಳಿಗೆ ಅಲ್ಲಿ ಪರಿಚಯ. ಅವರೀಗ ಇದ್ದುದು ದೂರದ ಊರಿನಲ್ಲಿ, ಪಾಠವೆಲ್ಲ ವಿಡಿಯೋದಲ್ಲೇ. "ಅಕ್ಕಾ, ಹಾಲ್‌ನಲ್ಲೇ ಕೂರಿಸೋಣ. ರೌಟರ್ ಇಲ್ಲೇ ಇದೆ, ಟೀಚರ್ ಬಾಯಿ ಆಡಿಸೋದು ಸ್ಪಷ್ಟವಾಗಿ ಕಾಣ್ಬೇಕು" ಎಂದು ಉತ್ಸಾಹದಿಂದ ಹೇಳಿದಾಗ ಅತ್ತೆ ಗಂಟಲಲ್ಲಿ ಏನೋ ಸದ್ದು ಮಾಡಿದರು. ಎಲ್ಲರೂ ರೂಢಿಯಂತೆ ದೊಡ್ಡವಳ ಕಡೆ ತಿರುಗಿದರು.

ಅತ್ತೆ ಮಾತಾಡಿಬಿಟ್ಟರೆ? ದೊಡ್ಡವಳಿಗೆ ಥಟ್ಟನೆ ಹೊಳೆಯಿತು. ಪರದೆಯ ಮಾತು, ನಾದಿನಿಯ ಮಾತು ಎಲ್ಲ ಹೊರಗೆ ಬರುತ್ತವಲ್ಲ! ಅದಕ್ಕಿಂತ ಹೆಚ್ಚಾಗಿ, ಆಮೇಲೆ ತನ್ನನ್ನು ಯಾರು ಕೇಳುತ್ತಾರೆ? "ಅತ್ತೆಗೆ ನಾಚಿಕೆಯಂತೆ. ಹೋಗೋರು ಬರೋರ ಮುಂದೆ ಬಾಯಿ ಸೊಟ್ಟ ಮಾಡ್ಕೊಂಡು ಕೂರಲ್ಲ ಅಂತಿದ್ದಾರೆ" ಎಂದುಬಿಟ್ಟಳು. ಅಲ್ಲಿಗೆ ಪಾಠ ಮುಗಿಯಿತು ಎಂದುಕೊಂಡಿದ್ದಳು.

"ಅಯ್ಯೋ, ಅಷ್ಟೇನಾ? ಹಾಗಾದ್ರೆ ಮೇಲೆ ನನ್ನ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂರೋಣ ಅತ್ತೆ!" ಎಂದಳು ಚಿಕ್ಕವಳು.

ತಾನು ತೋಡಿದ ಗುಂಡಿಗೆ ತಾನೇ ಬಿದ್ದಂತಾಯಿತು. ಅತ್ತೆಯನ್ನು ಕೈಯಾರೆ ಮಹಡಿ ಹತ್ತಿಸಿದ ಹಾಗಾಯಿತಲ್ಲ!

ಆದರೆ ವೈಫೈ ಮಹಡಿ ಹತ್ತಲು ಒಪ್ಪಲಿಲ್ಲ. ಹಳೇ ಮನೆ, ದಪ್ಪ ಗೋಡೆ. ಮೆಟ್ಟಿಲ ತಿರುವಿಗೆ ಬರುವಷ್ಟರಲ್ಲಿ ಸಿಗ್ನಲ್ ಪ್ರಾಣ ಬಿಡುತ್ತಿತ್ತು. ಲಿಫ್ಟ್ ರಿಪೇರಿ ಕೆಲಸದ ಮೈದುನ, ಚಿಕ್ಕವಳ ಗಂಡ, ಸಿಗ್ನಲ್ಲನ್ನು ಮುಂದಕ್ಕೆ ತಳ್ಳುವ ವೈಫೈ ರಿಪೀಟರೊಂದನ್ನು ತಿರುವಿನಲ್ಲಿ ಹಾಕಿ ನೋಡಿದ. ಅದೂ ಅಷ್ಟಕ್ಕಷ್ಟೇ. ಕೊನೆಗೆ ಅಂಗೈಯಗಲದ ಎರಡು ಬಿಳಿ ಡಬ್ಬಿ ತಂದ. "ಅತ್ತಿಗೆ, ಇದಕ್ಕೆ ಪವರ್‌ಲೈನ್ ಅಡಾಪ್ಟರ್ ಅಂತಾರೆ. ಒಂದು ರೌಟರ್ ಪಕ್ಕ, ಇನ್ನೊಂದು ಮೇಲೆ. ಗೋಡೆಯೊಳಗಿನ ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಹೋಗುತ್ತೆ. ಗೋಡೆಯ ಪ್ಲಗ್ಗಿಗೇ ನೇರ ಹಾಕಿದೀನಿ. ದಯವಿಟ್ಟು ಇದನ್ನ ತೆಗೆದು ಇಸ್ತ್ರಿಪೆಟ್ಟಿಗೆ ಹಾಕ್ಬೇಡಿ ಮತ್ತೆ" ಎಂದು ಕೈಮುಗಿದು ನಕ್ಕ. ಡಬ್ಬಿಯ ಹಸಿರು ದೀಪ ಹತ್ತಿತು. ಅಂದಿನಿಂದ ಪ್ರತಿ ಮಧ್ಯಾಹ್ನ ಚಿಕ್ಕವಳು ಅತ್ತೆಯ ಸೊಂಟಕ್ಕೆ ಕೈ ಕೊಟ್ಟು, "ಬನ್ನಿ ಅತ್ತೆ, ಒಂದೊಂದೇ ಮೆಟ್ಟಿಲು..." ಎನ್ನುತ್ತಾ ಮೇಲೆ ಕರೆದೊಯ್ಯುವಳು. ಅತ್ತೆಯೂ ಹೊಸದಾಗಿ ಶಾಲೆಗೆ ಸೇರಿದ ಮಗುವಿನಂತೆ ತಲೆ ಬಾಚಿಸಿಕೊಂಡು ಕಾಯುವರು. ತಲೆ ಬಾಚುವವಳು ಮಾತ್ರ ದೊಡ್ಡವಳೇ. ಎಷ್ಟು ಬಿಗಿದು ಬಾಚುತ್ತಿದ್ದಳೆಂದರೆ ಅತ್ತೆ ಮುಖ ಕಿವುಚುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಸಕ್ಕರೆ ಪುಡಿ ಮಾಡಲೆಂದು ಮಿಕ್ಸಿ ಹಾಕಿದಳು. ಮೇಲಿನಿಂದ "ಛೇ! ಟೀಚರ್ ನಿಂತೇಹೋದ್ರು!" ಎಂಬ ಕೂಗು. ಮಿಕ್ಸಿ ನಿಲ್ಲಿಸಿದಳು. "ಹಾಂ, ಬಂತು ಬಂತು!" ಮತ್ತೆ ಹಾಕಿದಳು. "ಅಯ್ಯೋ, ಮತ್ತೆ ಹೋಯ್ತು!" ದೊಡ್ಡವಳು ಮಿಕ್ಸಿಯನ್ನೂ ನೋಡಿದಳು, ಗೋಡೆಯನ್ನೂ ನೋಡಿದಳು. ಒಂದೇ ಕರೆಂಟ್ ಲೈನು... ಮಿಕ್ಸಿ ಗದ್ದಲ ಎಬ್ಬಿಸಿದರೆ ಮೇಲಿನವರ ಇಂಟರ್ನೆಟ್ ಕೆಡುತ್ತದೆ! ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿಗೆ ತಣ್ಣೀರು ಬಿದ್ದಂತೆ ಹಾಯೆನಿಸಿತು.

ಆಮೇಲೆ ಕೇಳಬೇಕೆ! ಮೇಲೆ ಪಾಠ ಶುರುವಾದರೆ ಕೆಳಗೆ ಮಿಕ್ಸಿ ಶುರು. ಸಕ್ಕರೆ ಮುಗಿಯಿತು, ಮೆಣಸು ಮುಗಿಯಿತು, ಪುಡಿಯಾದದ್ದನ್ನೇ ಮತ್ತೆ ಪುಡಿ ಮಾಡಿದಳು. ಮೈದುನ ಬೈದುಕೊಳ್ಳುತ್ತಾ ಡಬ್ಬಿಯನ್ನು ಈ ಪ್ಲಗ್ಗಿನಿಂದ ಆ ಪ್ಲಗ್ಗಿಗೆ ಬದಲಾಯಿಸಿದ. ಸಂಜೆ ಮನೆಗೆ ಬಂದು ಅವನು ಪರೀಕ್ಷೆ ಮಾಡುವಾಗ ಮಿಕ್ಸಿ ಮೌನ. ಎಲ್ಲ ಸರಿಯಾಗೇ ಇರುತ್ತಿತ್ತು! "ನೀನೇ ಏನೋ ಎಡವಟ್ಟು ಮಾಡ್ತಿದೀಯ" ಎಂದು ಹೆಂಡತಿಯ ಮೇಲೇ ರೇಗಿದ. ಚಿಕ್ಕವಳು ಕಣ್ಣೊರೆಸಿಕೊಂಡಳು. ಅದನ್ನು ನೋಡಿ ದೊಡ್ಡವಳಿಗೆ ಸಂತೋಷವಾಯಿತು ಎಂದರೆ ಆಯಿತು. ಆದರೆ ಅಂದು ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಟೀಚರ್ ಕೂಡ ಬೇಸತ್ತರು. ಚಿಕ್ಕವಳು ಕೆಳಗೆ ಬಂದು ಅಳುತ್ತಾ ಹೇಳಿದಳು: "ಅಕ್ಕಾ, ನಾಳೆ ಒಂದು ದಿನ ನೋಡ್ತಾರಂತೆ. ನಾಳೇನೂ ಹೀಗೇ ಆದ್ರೆ ನಮ್ಮ ಜಾಗಕ್ಕೆ ಬೇರೆಯವರನ್ನ ತಗೋತಾರಂತೆ. ಕಾಯ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ. ಇಷ್ಟು ದಿನ ಬಿಟ್ಟಿದ್ದೇ ತಡವಾಯ್ತು, ಇನ್ನೂ ಬಿಟ್ರೆ ಅತ್ತೆಗೆ ಮಾತು ಬರೋದೇ ಇಲ್ಲ... ಈಗೀಗ 'ಸ' ಅನ್ನೋಕೆ ಬರ್ತಾ ಇತ್ತಕ್ಕಾ!"

"ದೇವರಿಟ್ಟ ಹಾಗೆ ಆಗುತ್ತೆ ಬಿಡು" ಎಂದಳು ದೊಡ್ಡವಳು. ದೇವರಿಗೂ ಮಿಕ್ಸಿಗೂ ಏನು ಸಂಬಂಧ ಎಂದು ಅವಳ ಮನಸ್ಸೇ ಅವಳನ್ನು ಕೇಳಿತು.

ಮರುದಿನ ಅತ್ತೆಯ ತಲೆಯನ್ನು ಮೆಲ್ಲಗೆ ಬಾಚಿದಳು. ಇವತ್ತು ಬೇಡ, ಹಾಕುವುದೇ ಬೇಡ ಎಂದುಕೊಂಡಳು. ಚಿಕ್ಕವಳು ಬಂದಳು. ಅತ್ತೆ ಇವಳ ಕೈಯಿಂದ ತಲೆ ಬಿಡಿಸಿಕೊಂಡು ಅವಳ ಹೆಗಲು ಹಿಡಿದರು. ಮೆಟ್ಟಿಲು ಹತ್ತುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ. ಒಮ್ಮೆ ನೋಡಿದ್ದರೆ...! ಸ್ವಲ್ಪ ಹೊತ್ತಿಗೆ ಮೇಲೆ ಅದೇ ನಗು. ದೊಡ್ಡವಳ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಜಾರಿನಲ್ಲಿ ಏನೂ ಹಾಕಿರಲಿಲ್ಲ. ಖಾಲಿ ಮಿಕ್ಸಿ ಕಿರುಚಿಕೊಂಡಿತು.

ಆ ಗದ್ದಲದಲ್ಲಿ ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದು ಅವಳಿಗೆ ಕೇಳಿಸಲಿಲ್ಲ. ತಿರುಗಿದಾಗ ಬಾಗಿಲಲ್ಲಿ ಅತ್ತೆ! ಒಬ್ಬರೇ! ಕಂಬಿ ಹಿಡಿದು, ಸ್ವಾಧೀನವಿಲ್ಲದ ಕಾಲು ಎಳೆದುಕೊಂಡು, ಯಾರ ಆಸರೆಯೂ ಇಲ್ಲದೆ ಇಳಿದು ಬಂದಿದ್ದರು. ಮೇಲೆ ಟೀಚರ್ ನಿಂತಾಗಲೆಲ್ಲ ಕೆಳಗೆ ಮಿಕ್ಸಿ ಕೂಗುವುದನ್ನು ಅವರು ಗಮನಿಸಿರಬೇಕು. ಮೈಯೆಲ್ಲ ಬೆವರು. ಅತ್ತೆ ತಡವರಿಸುತ್ತಾ ಬಂದು ಎಡಗೈಯಿಂದ ಸ್ವಿಚ್ ಆರಿಸಿದರು, ಜಾರಿನ ಮುಚ್ಚಳ ತೆಗೆದರು. ಒಳಗೆ ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು.

"ಸಾ..." ಅತ್ತೆಯ ತುಟಿ ಸೊಟ್ಟಗಾಯಿತು, ಕತ್ತಿನ ನರ ಉಬ್ಬಿತು. "ಸಾ... ಕು."

ಮೂರು ವರ್ಷದಲ್ಲಿ ಆಡಿದ ಮೊದಲ ಮಾತು!

ಅಷ್ಟರಲ್ಲಿ ಚಿಕ್ಕವಳು ಓಡಿ ಬಂದಳು, ರಜೆಯೆಂದು ಮನೆಯಲ್ಲಿದ್ದ ಮೈದುನನೂ ಬಂದ. "ಚಾರ್ಜರ್ ತರೋಕೆ ಪಕ್ಕದ ರೂಮಿಗೆ ಹೋದೆ, ಅಷ್ಟರಲ್ಲಿ ಅತ್ತೇನೇ ಇಲ್ಲ! ಅಕ್ಕಾ, ಮಾತಾಡಿದ್ರಾ? ನನಗೆ ಕೇಳಿಸ್ತು! ಏನಂದ್ರು? ಹೇಳಕ್ಕಾ, ಏನಂದ್ರು?"

ಎಲ್ಲರ ಕಣ್ಣೂ ಎಂದಿನಂತೆ ಇವಳ ಮೇಲೆ. ಏನು ಬೇಕಾದರೂ ಹೇಳಬಹುದಿತ್ತು. ಅತ್ತೆ ಮಾತ್ರ ಈ ಸಲ ಗೋಡೆಯ ಕಡೆ ತಿರುಗದೆ ಇವಳನ್ನೇ ನೋಡುತ್ತಾ ನಿಂತಿದ್ದರು.

"ಸಾಕು ಅಂದ್ರು..." ಎಂದಳು ದೊಡ್ಡವಳು. "ನನಗೇ ಅಂದ್ರು. ನಿಮ್ಮ ಇಂಟರ್ನೆಟ್ ಕೆಡಿಸ್ತಾ ಇದ್ದಿದ್ದು ಈ ಮಿಕ್ಸಿ. ಬೇಕು ಬೇಕು ಅಂತ ನಾನೇ ಹಾಕ್ತಿದ್ದೆ. ಹಾಲ್‌ನಲ್ಲಿ ಕೂರೋಕೆ ನಾಚಿಕೆ ಅಂತ ಅತ್ತೆ ಹೇಳಿರಲಿಲ್ಲ. ಅದೂ ನಂದೇ. ಪರದೆ ಬೇಕು ಅಂದಿದ್ದೂ ನಾನೇ, ನಾದಿನಿ ಬೇಡ ಅಂದಿದ್ದೂ ನಾನೇ..."

"ಅತ್ತಿಗೆ! ನಾನು ಪ್ಲಗ್ಗು ಬದಲಾಯಿಸಿ ಬದಲಾಯಿಸಿ ಸತ್ತೆನಲ್ಲ! ಇವಳನ್ನ ಬಾಯಿಗೆ ಬಂದ ಹಾಗೆ ಬೈದೆ!" ಎಂದು ಮೈದುನ ಹಣೆ ಹಣೆ ಚಚ್ಚಿಕೊಂಡ.

ಚಿಕ್ಕವಳು ಬಿಳಿಚಿಕೊಂಡಳು. "ಯಾಕಕ್ಕಾ? ನಾನು ನಿಮಗೇನು ಮಾಡಿದ್ದೆ?"

"ನೀನೇನೂ ಮಾಡಿಲ್ಲಮ್ಮ! ಹೊಟ್ಟೆಕಿಚ್ಚು... ಬರೀ ಹೊಟ್ಟೆಕಿಚ್ಚು! ಅತ್ತೆ ಮಾತಾಡಿಬಿಟ್ರೆ ಆಮೇಲೆ ಈ ಮನೇಲಿ ನನ್ನನ್ನ ಯಾರು ಕರೀತಾರೆ? ಯಾತಕ್ಕೆ ಕರೀತಾರೆ? ನೀನು ಬಂದ ಮೇಲೆ ಅತ್ತೆ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ..." ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿದಳು.

ಚಿಕ್ಕವಳು ಸರಸರನೆ ಮೇಲೆ ಹೋದಳು. ಟೀಚರಿಗೆ ಏನು ಹೇಳಿಕೊಂಡಳೋ, ಹೇಗೆ ಬೇಡಿಕೊಂಡಳೋ, ಇಳಿದು ಬಂದಾಗ ಪಾಠ ಉಳಿದಿತ್ತು. ಆದರೆ ಓರಗಿತ್ತಿಯ ಜೊತೆ ಮಾತಿಲ್ಲ. ತಟ್ಟೆ ಇಟ್ಟರೆ ತಿನ್ನುವಳು, ಎದ್ದು ಹೋಗುವಳು. ಅದು ತನಗೆ ತಕ್ಕ ಶಾಸ್ತಿಯೇ ಎಂದುಕೊಂಡಳು ದೊಡ್ಡವಳು. ಮಿಕ್ಸಿಯನ್ನು ಅಟ್ಟಕ್ಕೆ ಹಾಕಿದಳು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಚಿಕ್ಕವಳು ಕಂಪ್ಯೂಟರ್ ಹಿಡಿದು ಹಾಲ್‌ಗೆ ಬಂದಳು. ಮುಖ ಇನ್ನೂ ಬಿಗಿದೇ ಇತ್ತು. "ರೌಟರ್ ಪಕ್ಕ ಅತ್ತೆಗೆ ಕುರ್ಚಿ ಹಾಕಿ. ಇನ್ನು ಇಲ್ಲೇ ಪಾಠ, ಆ ಡಬ್ಬಿಗಳ ಗೋಜೇ ಬೇಡ" ಎಂದವಳು ಒಂದು ಕ್ಷಣ ಬಿಟ್ಟು, "ನಿಮಗೂ ಒಂದು ಹಾಕ್ಕೊಳ್ಳಿ ಅಕ್ಕಾ. ನನಗೆ ಅರ್ಥವಾಗದ ಸನ್ನೆ ಬೇಕಾದಷ್ಟಿವೆ" ಎಂದಳು.

ಕಂಪ್ಯೂಟರ್ ಪರದೆಯ ಮೇಲೆ ಟೀಚರ್ ನಗುತ್ತಾ ಕೇಳಿದರು: "ಅಮ್ಮಾ, ನಿಮ್ಮ ಪಕ್ಕದಲ್ಲಿ ಕೂತಿರೋರು ಯಾರು? ಹೇಳಿ ನೋಡೋಣ."

ಅತ್ತೆ ದೊಡ್ಡವಳ ಕಡೆ ತಿರುಗಿದರು. ನಿಧಾನವಾಗಿ, ಅಡಿಯಿಂದ ಮುಡಿಯವರೆಗೆ ನೋಡಿದರು. "ಸು..." ಎಂದರು. "ಸು... ಸು..."

ಸೊಸೆ ಅಂತಿದ್ದಾರೆ! ಹೇಳಿಬಿಡಲು ದೊಡ್ಡವಳ ಬಾಯಿ ತೆರೆಯಿತು. ಮೂರು ವರ್ಷದ ಅಭ್ಯಾಸ! ಆದರೆ ತುಟಿ ಕಚ್ಚಿಕೊಂಡು ತಡೆದಳು. ಅತ್ತೆ ಹೆಣಗಾಡುವುದನ್ನು ನೋಡಲಾಗದೆ ಕಣ್ಣಲ್ಲಿ ನೀರು ತುಂಬಿತು. ಆದರೂ ಹೇಳಲಿಲ್ಲ, ಕಾದಳು.

"ಸು... ಳ್ಳಿ" ಎಂದರು ಅತ್ತೆ.

ಅರ್ಧ ಮುಖದಲ್ಲಿ ಮಾತ್ರ ಅರಳುವ ಆ ನಗು ಅವರ ತುಟಿಯ ಮೇಲಿತ್ತು. ಚಿಕ್ಕವಳು ತಡೆಯಲಾರದೆ ಕಿಸಕ್ಕೆಂದಳು. ದೊಡ್ಡವಳು ನಗುತ್ತಾ, ಅಳುತ್ತಾ, "ಹೌದು ಅತ್ತೆ... ಸುಳ್ಳೀನೇ ನಾನು" ಎಂದು ಎದ್ದು ಹೋಗಲು ನೋಡಿದಳು. ಆಗಲಿಲ್ಲ. ಅತ್ತೆಯ ಎಡಗೈ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಪಾಠ ಮುಗಿಯುವವರೆಗೂ ಬಿಡಲಿಲ್ಲ.